ಉಸ್ತಾದರು ಕೇಳದ ಪ್ರಶ್ನೆ

ಹೊಸದುರ್ಗದ ಪಿಂಜಾರರ ಓಣಿಯ ಖಾಸಿಂ ಸಾಬರಂಥ ಅರಬ್ಬಿ ಉಸ್ತಾದರು ಭೂಮಂಡಲದಲ್ಲೇ ಇಲ್ಲ. ಬೇರೆ ಕಡೆ ಮಕ್ಕಳು ಅರಬ್ಬಿಯನ್ನು ಗಿಳಿಯಂತೆ ಒಪ್ಪಿಸುತ್ತಿದ್ದರೆ, ಇವರ ಮಕ್ಕಳು ವಕೀಲರಂತೆ ಪಾಟೀಸವಾಲು ಹಾಕುತ್ತಿದ್ದರು. ಒಂದು ಸಾಲು ಓದಿದರೆ ಸಾಕು, ಸಾಬರು ಶುರು ಮಾಡುವರು: "ಇದನ್ನ ಯಾರು ಹೇಳ್ತಾವ್ರೆ? ಯಾರಿಗೋಸ್ಕರ? ಈಗ್ಲೇ ಯಾಕೆ? ನೀನಾಗಿದ್ರೆ ಏನಂತಿದ್ದೆ?" ಆ ಪ್ರಶ್ನೆಗಳಿಗೆ ಜೋಗಿಮಟ್ಟಿ ಕಾಡಿನ ಕರಡಿಗಳೂ ತಲೆ ಕೆರೆದುಕೊಂಡವಂತೆ!

ಎಲ್ಲರಿಗಿಂತ ಚೂಟಿ ನಗೀನಾ. ಒಂಟೆಯ ಕಥೆ ಓದಿಸಿದರೆ ಒಂಟೆಯ ಪರವಾಗಿ ವಾದ ಮಾಡಿ ಒಡೆಯನನ್ನೇ ಊರು ಬಿಡಿಸಿದವಳು.

ಅವಳ ತಾಯಿ ಜೈತುನಬಿ ದಾವಣಗೆರೆಯ ಆಸ್ಪತ್ರೆಯಲ್ಲಿ ತೀರಿಕೊಂಡಳು. ತವರೂರು ಮತ್ತೋಡಿನಲ್ಲೇ ಮಣ್ಣು ಮಾಡಿದರು. ಆಗ ನಗೀನಾಗೆ ಸುಡುವ ಜ್ವರ. ಜ್ವರ ಬಿಟ್ಟ ಮೇಲೆ ಹೇಳೋಣ ಎಂದುಕೊಂಡಿದ್ದ ಅಜ್ಜಿ ಇಮಾಂಬಿಗೆ, ಬಿಟ್ಟ ಮೇಲೂ ಬಾಯಿ ಬರಲಿಲ್ಲ.

ಸತ್ತ ನಲವತ್ತನೇ ದಿನದ ಓದು ಹತ್ತಿರ ಬಂದಾಗ ಇಮಾಂಬಿ ಸಾಬರ ಮುಂದೆ ಕುಂತಳು. "ಉಸ್ತಾದ್ರೇ, ಹೆತ್ತೋಳಿಗೆ ಮಗಳು ಓದಿದ್ದೇ ಮುಟ್ಟೋದು. ಸತ್ತೋರಿಗೆ ಓದೋ ದುವಾ ಇವಳಿಗೆ ಕಲಿಸ್ರಿ. ಅಮ್ಮಗೆ ವಾಸಿಯಾಗ್ಲಿ ಅಂತ ಓದು ಅಂದಿದೀನಿ."

"ಅವಳು ಬುದ್ವಂತೆ, ಇಮಾಂಬಿ."

"ಅರಬ್ಬಿ ಅಲ್ವೇನ್ರಿ? ಮಗೀಗೇನು ತಿಳೀತೈತೆ?"

ತಿಳಿಯುತ್ತದೆ, ನಾನೇ ಕಲಿಸಿದ್ದೇನೆ ಎನ್ನಲು ಸಾಬರು ಬಾಯಿ ತೆರೆದರು. ಮುದುಕಿಯ ಕಣ್ಣು ನೋಡಿ ಮುಚ್ಚಿಕೊಂಡರು. ಜನ್ಮದಲ್ಲಿ ಮೊದಲ ಸಲ ಒಂದೂ ಪ್ರಶ್ನೆ ಕೇಳದೆ ಬರೀ ಬಾಯಿಪಾಠ ಮಾಡಿಸಿದರು. ಓದಿನ ದಿನ ನಗೀನಾಳ ದನಿಗೆ ಇಡೀ ಚಿತ್ರದುರ್ಗ ಜಿಲ್ಲೆಯೇ ಉಸಿರು ಹಿಡಿದಿತ್ತು. ಬಂದ ಹೆಂಗಸರೆಲ್ಲ ಸೆರಗು ಬಾಯಿಗಿಟ್ಟುಕೊಂಡರು.

ಮರುದಿನ ಅವಳು ಎಲ್ಲರಿಗಿಂತ ಮೊದಲೇ ಮದರಸಕ್ಕೆ ಬಂದಳು.

"ಉಸ್ತಾದ್ರೇ, ಈ ದುವಾಕ್ಕೆ ನೀವು ಪ್ರಶ್ನೇನೇ ಕೇಳ್ಲಿಲ್ಲ."

ಸಾಬರು ಚಾಪೆಯ ಅಂಚು ಸರಿಮಾಡಿದರು.

"ಅದಕ್ಕೇ ನಾನೇ ಕೇಳ್ಕಂಡೆ. ಯಾರು ಹೇಳ್ತಾವ್ರೆ? ನಾನು. ಯಾರಿಗೋಸ್ಕರ? ಅಮ್ಮಗೆ. ಅವಳ ಮನೆಗಿಂತ ಒಳ್ಳೆ ಮನೆ ಕೊಡು, ಅವಳ ಮನೇರಿಗಿಂತ ಒಳ್ಳೇರನ್ನ ಕೊಡು ಅಂತ ಐತೆ. ಆಸ್ಪತ್ರೆಯಿಂದ ವಾಪಸ್ ಬರೋರಿಗೆ ಬೇರೆ ಮನೆ ಯಾಕೆ?"

ಕರಡಿಗಳನ್ನೇ ಕಂಗೆಡಿಸಿದ್ದ ಖಾಸಿಂ ಸಾಬರ ಗಡ್ಡ ಒದ್ದೆಯಾಯಿತು.

ನಗೀನಾ ಅದನ್ನು ನೋಡುತ್ತಲೇ ಇದ್ದಳು. ದುಪಟ್ಟಾ ಸರಿಮಾಡಿಕೊಂಡು, ಕೈ ಎತ್ತಿ ದುವಾವನ್ನು ಮೊದಲಿಂದ ಓದಿದಳು. ಮೆಲ್ಲಗೆ, ಅರ್ಥ ಮಾಡಿಕೊಂಡು. ಒಳ್ಳೆ ಮನೆಯನ್ನು ಕೇಳಿದಳು. ನಮಗಿಂತ ಒಳ್ಳೆಯವರನ್ನು ಕೊಡು ಎನ್ನುವ ಮಾತನ್ನು ಮಾತ್ರ ಬಿಟ್ಟಳು.

ಒಂದು ಅಕ್ಷರ ಜಾರಿದರೂ ಬೆತ್ತ ಕುಟ್ಟುತ್ತಿದ್ದ ಸಾಬರು ತಿದ್ದಲಿಲ್ಲ. "ಆಮೀನ್" ಎಂದರು.