ಗೇಟಿನ ಮೇಲೆ ಯಾರೂ ಹತ್ತಿರಲಿಲ್ಲ

ಬೀದಿಯವರೆಲ್ಲ ಅವಳನ್ನು ಗೇಟಜ್ಜಿ ಎಂದೇ ಕರೆಯುತ್ತಿದ್ದರು. ಐದನೇ ತರಗತಿಯ ಪುಸ್ತಕದಲ್ಲಿ ಕಾರ್ಮಿಕರ ದಿನದ ಬಗ್ಗೆ ಒಂದು ಪಾಠವಿದೆ, ಪಾಠದ ನೆತ್ತಿಯ ಮೇಲೊಂದು ಚಿತ್ರ: ನೂಲಿನ ಗಿರಣಿಯ ಕಬ್ಬಿಣದ ಗೇಟಿನ ಮೇಲೆ ನಿಂತು ಮುಷ್ಟಿ ಎತ್ತಿದ ಹುಡುಗಿ, ಕೆಳಗೆ ನೂರಾರು ಹೆಂಗಸರು. ಅರವತ್ತೆರಡು ವರ್ಷದ ಹಿಂದೆ ಆ ಗಿರಣಿಯಲ್ಲಿ ಕೆಲಸಕ್ಕಿದ್ದವರ ಪೈಕಿ ಈ ಊರಲ್ಲಿ ಉಳಿದಿದ್ದವಳು ಇವಳೊಬ್ಬಳೇ. ಹಾಗಾಗಿ ಚಿತ್ರದ ಹುಡುಗಿ ಇವಳೇ ಎಂದು ಯಾರೋ ಅಂದರು, ಉಳಿದವರು ಹೌದೆಂದರು. ಮೊದಮೊದಲು ಅವಳು ನಾನಲ್ಲಪ್ಪ ಎಂದಳು. ಜನ ಅದನ್ನು ವಿನಯ ಅಂದುಕೊಂಡರು. ಹೇಳಿ ಹೇಳಿ ಸಾಕಾಗಿ ಕೊನೆಗೆ ಸುಮ್ಮನಾದಳು.

ಆ ವರ್ಷ ಕಾರ್ಮಿಕ ಇಲಾಖೆಯಿಂದ ಕಾಗದ ಬಂತು. ಕಾರ್ಮಿಕರ ದಿನದ ರಜೆಯಂದು ಪುರಭವನದಲ್ಲಿ ಸಮಾರಂಭ, ಮಂತ್ರಿಗಳು ತಮ್ಮ ಕೈಯಾರೆ ಪದಕ ಕೊಡುತ್ತಾರೆ, ಮನೆ ಬಾಗಿಲಿಗೇ ಕಾರು ಬರುತ್ತದೆ. ಅಜ್ಜಿಗೆ ಹೋಗುವ ಮನಸ್ಸೇ ಇರಲಿಲ್ಲ. ಮೊಣಕಾಲು ಹಿಡಿದುಕೊಂಡಿದೆ ಅಂದಳು, ತಲೆ ಸುತ್ತುತ್ತದೆ ಅಂದಳು. ಮಗಳು ಯಾವ ನೆಪವನ್ನೂ ಕಿವಿಗೆ ಹಾಕಿಕೊಳ್ಳಲಿಲ್ಲ.

ಮಗಳು ದೊಡ್ಡಾಸ್ಪತ್ರೆಯ ಬಟ್ಟೆ ತೊಳೆಯುವ ವಿಭಾಗದಲ್ಲಿದ್ದಳು. ರೋಗಿಗಳ ಹಾಸಿಗೆಯ ಚಾದರಗಳನ್ನು ಬಿಸಿ ರೋಲರಿನ ಬಾಯಿಗೆ ಕೊಡುವುದು, ಆಚೆ ಬಂದದ್ದನ್ನು ಎಳೆದು ಮಡಿಸುವುದು ಅವಳ ಕೆಲಸ. ಇಪ್ಪತ್ತಾರು ವರ್ಷದಲ್ಲಿ ಕಾರ್ಮಿಕರ ದಿನದಂದು ಅವಳಿಗೆ ಒಮ್ಮೆಯೂ ರಜೆ ಸಿಕ್ಕಿರಲಿಲ್ಲ. ಕಾಯಿಲೆಗೆ ರಜೆ ಉಂಟೇನಮ್ಮ ಎಂದು ಮೇಲ್ವಿಚಾರಕ ಪ್ರತಿ ವರ್ಷ ಕೇಳುತ್ತಿದ್ದ. ಈ ಸಲ ತಾಯಿಯ ಸನ್ಮಾನ ಎಂದಾಗ, ಹಿಂದಿನ ರಾತ್ರಿಯ ಪಾಳಿ ಮುಗಿಸಿ ಹೋಗು, ಮಧ್ಯಾಹ್ನದ ಮೇಲೆ ಜನ ಕಮ್ಮಿಯಾದರೆ ಕರೀತೀನಿ ಅಂದಿದ್ದ. ಹಗಲಿಡೀ ದುಡಿದವಳು ರಾತ್ರಿಯನ್ನೂ ದುಡಿದು ಬೆಳಿಗ್ಗೆ ಏಳಕ್ಕೆ ಮನೆಗೆ ಬಂದಳು. ಮುಖ ಬೇಯಿಸಿದಂತೆ ಕೆಂಪಾಗಿತ್ತು. ಕೂತರೆ ಏಳುವುದಿಲ್ಲವೆಂದು ನಿಂತೇ ಚಹಾ ಕುಡಿದಳು, ತಾಯಿಗೆ ಸ್ನಾನ ಮಾಡಿಸಿ ತಲೆ ಬಾಚಿದಳು. ಬಾಚಣಿಗೆ ಹಿಡಿದ ಕೈ ನಡುಗುವುದು ಅಜ್ಜಿಯ ನೆತ್ತಿಗೆ ಗೊತ್ತಾಗುತ್ತಿತ್ತು.

ಪುರಭವನದಲ್ಲಿ ಅಜ್ಜಿಯನ್ನು ವೇದಿಕೆಯ ಮೇಲೆ, ಮಗಳನ್ನು ಎದುರಿನ ಮೊದಲ ಸಾಲಿನಲ್ಲಿ ಕೂರಿಸಿದರು. ಮಂತ್ರಿಗಳು ಬರುವುದು ಒಂದೂವರೆ ಗಂಟೆ ತಡವಾಯಿತು. ಬಂದವರು ಮುಕ್ಕಾಲು ಗಂಟೆ ಮಾತಾಡಿದರು. ಗೇಟು, ಮುಷ್ಟಿ, ಸಿಂಹಗರ್ಜನೆ ಎಲ್ಲ ಬಂತು. ಕೊರಳಿಗೆ ಬಿದ್ದ ಪದಕ ತಣ್ಣಗಿತ್ತು. ನಿರೂಪಕಿ ಮೈಕನ್ನು ಅಜ್ಜಿಯ ಬಾಯಿಯ ಹತ್ತಿರ ತಂದು, ಎರಡೇ ಎರಡು ಮಾತು ಅಂದಳು.

ಅಜ್ಜಿ ಧನ್ಯವಾದ ಹೇಳಿ ಮುಗಿಸಬೇಕೆಂದೇ ಇದ್ದಳು. ಅಷ್ಟರಲ್ಲಿ ಕಣ್ಣು ಮಗಳ ಕಡೆ ಹೋಯಿತು. ಅವಳು ಕುರ್ಚಿಯಲ್ಲೇ ವಾಲಿ, ಬಾಯಿ ಅರ್ಧ ತೆರೆದು ನಿದ್ದೆ ಹೋಗಿದ್ದಳು. ಎದೆಗೆ ಬ್ಯಾಡ್ಜು ಸಿಕ್ಕಿಸಿಕೊಂಡ ಸ್ವಯಂಸೇವಕನೊಬ್ಬ ಭುಜ ಅಲ್ಲಾಡಿಸಿ ಎಬ್ಬಿಸಲು ನೋಡುತ್ತಿದ್ದ.

"ಅವಳನ್ನ ಎಬ್ಬಿಸಬೇಡಪ್ಪ," ಎಂದಳು ಅಜ್ಜಿ. ಮಾತು ಮೈಕಿನಲ್ಲಿ ಸಭೆಗೆಲ್ಲ ಕೇಳಿಸಿತು. "ನೆನ್ನೆ ಬೆಳಿಗ್ಗೆಯಿಂದ ನಿಂತೇ ಇದಾಳೆ. ಈ ಕಾರ್ಮಿಕರ ದಿನ ಶುರುವಾಗಿದ್ದೂ ನಿದ್ದೆಯಿಂದಲೇ."

ಯಾರೋ ನಕ್ಕರು. ಅಜ್ಜಿ ಮೈಕನ್ನು ತನ್ನ ಕೈಗೇ ತೆಗೆದುಕೊಂಡಳು.

ಗೇಟಿನ ಮೇಲೆ ಯಾರೂ ಹತ್ತಿರಲಿಲ್ಲ ಎಂದು ಹೇಳಿದಳು. ದೊಡ್ಡ ಆರ್ಡರು ಬಂದಿತ್ತು. ಹನ್ನೊಂದು ದಿನ, ಒಂದು ದಿನವೂ ಬಿಡುವಿಲ್ಲದೆ, ಬೆಳಿಗ್ಗೆ ಆರರಿಂದ ರಾತ್ರಿ ಹತ್ತರವರೆಗೆ ನೂಲು ತೆಗೆಯುತ್ತಿದ್ದರು. ಇವಳ ಪಕ್ಕದ ಯಂತ್ರದಲ್ಲಿ ತುಂಡಾದ ಎಳೆ ಜೋಡಿಸುತ್ತಿದ್ದವಳು ಇವಳ ಗೆಳತಿ. ಉದ್ದ ಕೂದಲಿನವಳಾದ್ದರಿಂದ ಎಲ್ಲರೂ ಜಡೆ ಎಂದು ಕರೆಯುತ್ತಿದ್ದರು. ಹನ್ನೆರಡನೇ ದಿನ ಮಧ್ಯಾಹ್ನ ಜಡೆ ನಿಂತಲ್ಲೇ ತೂಕಡಿಸಿದಳು. ಬಲಗೈ ಯಂತ್ರದ ಹಲ್ಲುಚಕ್ರಕ್ಕೆ ಸಿಕ್ಕಿತು. ಯಂತ್ರ ನಿಲ್ಲಿಸಿ, ಅವಳನ್ನು ಹೊತ್ತು ಆಚೆಗೆ ಒಯ್ದರು. ಮೇಸ್ತ್ರಿ ಬಂದು, ನಡೀರಿ, ಶುರು ಮಾಡಿ ಎಂದ.

"ನಾನು ಶುರು ಮಾಡಿದೆ," ಎಂದಳು ಅಜ್ಜಿ. "ಅವಳ ರಕ್ತ ಇನ್ನೂ ನೆಲದ ಮೇಲಿತ್ತು. ನಾನು ಹೋಗಿ ನನ್ನ ಯಂತ್ರದ ಹಿಡಿ ಎಳೆದೆ. ಯಾಕೆ ಅಂದ್ರೆ ಗೊತ್ತಿಲ್ಲ. ಹೇಳಿದ್ರು, ಮಾಡಿದೆ."

ಆಗ ಗಿರಣಿಯಲ್ಲಿ ಎದುರು ಸಾಲಿನ ಯಂತ್ರದ ಒಬ್ಬ ವಯಸ್ಸಾದ ಹೆಂಗಸು ನೆಲದ ಮೇಲೆ ಕೂತುಬಿಟ್ಟಳಂತೆ. ಘೋಷಣೆ ಇಲ್ಲ, ಏನಿಲ್ಲ. ಕಾಲು ಸೋತು ಕೂತವಳು ಏಳಲಿಲ್ಲ. ಅವಳ ಪಕ್ಕದವಳು ಕೂತಳು, ಆಮೇಲೆ ಇನ್ನೊಬ್ಬಳು. ಎಲ್ಲರಿಗಿಂತ ಕೊನೆಗೆ ಕೂತವರಲ್ಲಿ ತಾನೂ ಒಬ್ಬಳು ಎಂದಳು ಅಜ್ಜಿ. ಕೂತವರು ಹತ್ತಿಯ ಮೂಟೆಗೆ ಒರಗಿದರು, ಒರಗಿದವರು ಮಲಗಿಬಿಟ್ಟರು. ಮಾಲೀಕ ಬಂದು ಕೂಗಾಡಿದ. ಮುನ್ನೂರು ಹೆಂಗಸರು ಸತ್ತವರ ಹಾಗೆ ಮಲಗಿದ್ದರು, ಕಾಲಿಡಲು ಜಾಗವಿರಲಿಲ್ಲ. ಅದಕ್ಕೆ ಮುಷ್ಕರ ಎಂಬ ಹೆಸರು ಮಾರನೆಯ ದಿನದ ಪತ್ರಿಕೆಯಲ್ಲಿ ಬಂತು. ವಾರಕ್ಕೊಂದು ರಜೆ ಬಂದಿದ್ದು ಆರು ತಿಂಗಳ ಮೇಲೆ. ಆ ದಿನವನ್ನೇ ಕಾರ್ಮಿಕರ ದಿನವೆಂದು ಕರೆದು ಸರ್ಕಾರ ನಾಡಿಗೆಲ್ಲ ರಜೆ ಸಾರಿದ್ದು ಇನ್ನೂ ಎಷ್ಟೋ ವರ್ಷ ಕಳೆದ ಮೇಲೆ.

ಅಜ್ಜಿ ಮೈಕು ಹಿಂದಕ್ಕೆ ಕೊಟ್ಟಳು. ಮಂತ್ರಿಗಳು ಗಡಿಯಾರ ನೋಡಿಕೊಂಡರು. ನಿರೂಪಕಿ ಒಂದು ಕ್ಷಣ ತಡವರಿಸಿ, ಅಜ್ಜಿಯವರ ವಿನಯ ಎಷ್ಟು ದೊಡ್ಡದು ನೋಡಿ, ಗೇಟು ಹತ್ತಿದ ಆ ಧೀರೆಗೆ ಜೋರಾದ ಚಪ್ಪಾಳೆ ಎಂದಳು. ಎಲ್ಲರೂ ತಟ್ಟಿದರು. ಆ ಸದ್ದಿಗೆ ಮಗಳು ಬೆಚ್ಚಿ ಎಚ್ಚರಾಗಿ, ತಾನೂ ತಟ್ಟಿದಳು.

ಹೊರಗೆ ಬಂದರೆ ಇಲಾಖೆಯ ಕಾರು ಇರಲಿಲ್ಲ. ಅತಿಥಿಗಳನ್ನು ಊಟಕ್ಕೆ ಬಿಡಲು ಹೋಗಿದೆ ಎಂದು ಕಾವಲುಗಾರ ಹೇಳಿದ. ಬಸ್ಸುಗಳಿಗೂ ಅಂದು ರಜೆ. ತಾಯಿ ಮಗಳು ನಡೆದೇ ಹೊರಟರು. ಮುಚ್ಚಿದ ಅಂಗಡಿಗಳ ಬೀದಿ ಬಿಸಿಲಿಗೆ ಬಿಕೋ ಎನ್ನುತ್ತಿತ್ತು. ಎರಡನೇ ತಿರುವಿನಲ್ಲಿ ಅಜ್ಜಿಯ ಕಾಲು ಮುಷ್ಕರ ಹೂಡಿತು. ಒಂದು ಚಪ್ಪಲಿ ಅಂಗಡಿಯ ಮೆಟ್ಟಿಲ ಮೇಲೆ ಇಬ್ಬರೂ ಕೂತರು.

ನೀನೇನು ಹೇಳಿದೆ, ನಾನು ಕೇಳಿಸಿಕೊಳ್ಳಲೇ ಇಲ್ಲವಲ್ಲ ಎಂದು ಮಗಳು ಪೇಚಾಡಿಕೊಂಡಳು. ಅಜ್ಜಿ ಎಲ್ಲವನ್ನೂ ಇನ್ನೊಂದು ಸಲ, ಈ ಸಲ ಮೆಲ್ಲಗೆ, ಹೇಳಿದಳು. ಹಿಡಿ ಎಳೆದ ಮಾತು ಬಂದಾಗ ಮಗಳ ಮುಖ ನೋಡದೆ ರಸ್ತೆ ನೋಡಿದಳು.

"ಜಡೆ ಆಮೇಲೆ ಏನಾದಳಮ್ಮ?"

"ಅಣ್ಣನ ಮನೆಗೆ ಹೋದಳು. ಬೇರೆ ಊರು."

"ನೀನು ನೋಡೋಕೆ ಹೋಗಲಿಲ್ವಾ?"

"ಯಾವ ಮುಖ ಇಟ್ಕೊಂಡು ಹೋಗ್ಲಿ," ಎಂದಳು ಅಜ್ಜಿ. "ನಾಳೆ ಹೋಗೋಣ, ನಾಳೆ ಹೋಗೋಣ ಅಂತಿದ್ದೆ. ಹಂಗೇ ವಯಸ್ಸಾಗೋಯ್ತು."

ಮಗಳು ತಾಯಿಯ ಪಾದವನ್ನು ತೊಡೆಯ ಮೇಲೆ ಎತ್ತಿಟ್ಟುಕೊಂಡು, ಬಾತುಕೊಂಡಿದ್ದ ಗಿಣ್ಣನ್ನು ಒತ್ತತೊಡಗಿದಳು. ರೋಲರಿನ ಬಿಸಿಗೆ ಒರಟಾಗಿದ್ದ ಕೈ ಅದು.

ಫೋನು ಬಂತು. ಮೇಲ್ವಿಚಾರಕನ ಜೋರು ದನಿ ಅಜ್ಜಿಗೂ ಕೇಳುತ್ತಿತ್ತು: ಇಬ್ಬರು ಬಂದಿಲ್ಲ, ಮೂರು ವಾರ್ಡಿನ ಬಟ್ಟೆ ಹಾಗೇ ಬಿದ್ದಿದೆ, ಎರಡು ಗಂಟೆಗೆ ಬಂದುಬಿಡು. ಮಗಳು ಕಣ್ಣು ಮುಚ್ಚಿ ಕೇಳಿಸಿಕೊಂಡಳು. ಅಜ್ಜಿ ತನಗರಿವಿಲ್ಲದೆ ಮೆಟ್ಟಿಲ ಅಂಚನ್ನು ಬಿಗಿಯಾಗಿ ಹಿಡಿದುಕೊಂಡಿದ್ದಳು.

"ಬರಕ್ಕಾಗಲ್ಲ ಸರ್," ಎಂದಳು ಮಗಳು. "ನಾಳೆ ನನ್ನ ಪಾಳಿಗೆ ಬರ್ತೀನಿ."

ಆ ಕಡೆಯಿಂದ ಇನ್ನೂ ಏನೇನೋ ಬಂತು. ರಿಜಿಸ್ಟರಿನಲ್ಲಿ ಗೈರುಹಾಜರಿ ಎಂದು ಬರೆಯಬೇಕಾಗುತ್ತದೆ ಎಂಬ ಮಾತೂ ಬಂತು.

"ಬರ್ಕೊಳ್ಳಿ ಸರ್," ಎಂದು ಅವಳು ಫೋನಿಟ್ಟಳು.

ಭೇಷ್ ಅನ್ನಬೇಕೆಂದು ಅಜ್ಜಿಗೆ ಅನಿಸಿತು. ಆದರೆ ನಾಳೆ ಪಾಳಿಗೆ ಹೋದಾಗ ಬರುವುದಿಲ್ಲ ಎಂದ ಮಾತಿನ ಬಿಸಿ ತಟ್ಟುವುದು ಮಗಳಿಗೇ, ತನಗಲ್ಲ ಎಂಬುದು ಅವಳಿಗೆ ಗೊತ್ತಿತ್ತು. ಅನ್ನಲಿಲ್ಲ. ಕಾಲು ಕೆಳಗಿಳಿಸಿ, ಗೋಡೆ ಹಿಡಿದು ಎದ್ದಳು.

"ಇನ್ನೊಂಚೂರು ಕೂರು," ಎಂದಳು ಮಗಳು. "ಅವಸರ ಏನಿದೆ ಈಗ?"

ಅಜ್ಜಿ ಮತ್ತೆ ಕೂತಳು.