ಗುಡ್ಡದ ಮೇಲಿನ ಒರಳು

"ಇದು ಎಲೆಕೋಸೇನೋ, ಬೋಳಿಮಗನೆ? ಹಲ್ಲಿಗೆ ಸಿಗ್ತದೆ. ಪ್ರಿಚರ್ಡ್ ದೊರೆಗೆ ಹಿಂಗೇ ಬೇಯಿಸಿ ಹಾಕ್ತಿದ್ಯಾ?"

ತಟ್ಟೆಯನ್ನು ನನ್ನ ಕಡೆ ತಳ್ಳಿದವನು ಬೆಂಟಿಲ್, ಸುಂಕದ ಇಲಾಖೆಯ ಹೊಸ ಸಾಹೇಬ. ಹಳೆಯ ದೊರೆಗೆ ಕೋಸನ್ನು ಪ್ರಾಣ ಹೋಗುವವರೆಗೆ ಬೇಯಿಸಬೇಕಿತ್ತು. ಇವನು ನಮ್ಮವನಲ್ಲವೇ, ರುಚಿ ಗೊತ್ತಿರುತ್ತದೆ ಎಂದು ನಾನು ಸ್ವಲ್ಪ ಮೊದಲೇ ಇಳಿಸಿದ್ದೆ. ನನ್ನ ಬುದ್ಧಿಗಿಷ್ಟು!

ಬಿಳಿಯರ ಕುರ್ಚಿಗಳಲ್ಲಿ ಇನ್ನು ನಮ್ಮ ಗೋಲ್ಡ್ ಕೋಸ್ಟಿನ ಕರಿಯರೇ ಕೂರುತ್ತಾರೆ ಎಂದು ಸರ್ಕಾರ ಸಾರಿದಾಗ ಊರೆಲ್ಲ ಕುಣಿಯಿತು. ಎಲ್ಲರಿಗಿಂತ ಹೆಚ್ಚು ಕುಣಿದವರು ನಾವು, ಗುಡ್ಡದ ಮೇಲಿನ ಬಿಳಿಯರ ಬಂಗಲೆಗಳ ಆಳುಗಳು. ಗುಡ್ಡದ ಮೇಲೆ ಆಳುಗಳು ಹೆಂಡತಿಯನ್ನು ಇಟ್ಟುಕೊಳ್ಳುವಂತಿರಲಿಲ್ಲ, ಫುಫು ಕುಟ್ಟುವಂತಿರಲಿಲ್ಲ. ಒನಕೆಯ ಸದ್ದಿಗೆ ದೊರೆಗಳಿಗೆ ತಲೆನೋವಂತೆ. ಬೆಂದ ಮರಗೆಣಸು, ಬಾಳೆಕಾಯಿ ಕುಟ್ಟಿ ಮುದ್ದೆ ಮಾಡದ ದಿನ ನಮಗೆ ಉಂಡ ಹಾಗೇ ಆಗುವುದಿಲ್ಲ. ನನ್ನ ಹೆಂಡತಿ ಅರಬಾ ಕೆಳಗೆ ಮೀನುಗಾರರ ಕೇರಿಯಲ್ಲಿದ್ದಳು. ಭಾನುವಾರ ಮಾತ್ರ ನಾನು ಗಂಡ.

ಬೆಂಟಿಲ್ ಅದೇ ಕೇರಿಯವನು. ತಾಯಿ ಹೊಗೆಮೀನು ಮಾರಿ ಓದಿಸಿದಳು. ಕೇರಿಗೆ ಅವನು ಇಂದಿಗೂ ಎಕೊ. ಎಕೊ ಬರುತ್ತಾನೆ ಎಂದ ಕೂಡಲೇ ಅರಬಾ ಒರಳು ತೊಳೆದು, ಬಟ್ಟೆ ಗಂಟುಕಟ್ಟಿ ಕೂತಳು.

ಅವಳನ್ನು ಮೇಲೆ ಕರೆತರಲೇ ಎಂದು ನಾನು ಸಾಹೇಬನನ್ನು ತಲೆಬಗ್ಗಿಸಿ ಕೇಳಿದೆ. ಅವನು ಪೈಪು ಹಚ್ಚಿದ.

"ಗುಡ್ಡದ ಮೇಲೆ ನಾನೊಬ್ನೇ ಕರಿ ಸಾಹೇಬ, ಅಬೆಕ. ಸುತ್ತ ಬಿಳಿಯರು ಕಣ್ಣು ನೆಟ್ಕೊಂಡು ಕೂತಿದಾರೆ. ನಿನ್ ಹೆಂಡ್ತಿ ಒನಕೆ ಕೇಳಿದ್ರೆ ನನ್ನನ್ನ ಏನಂದ್ಕೋತಾರೆ?"

ಅಷ್ಟು ಹೇಳಿದವನು ದಿನದಿಂದ ದಿನಕ್ಕೆ ಸೊರಗಿದ. ಕೋಸು ಅರ್ಧ ತಟ್ಟೆಯಲ್ಲೇ ಉಳಿಯುತ್ತಿತ್ತು. ಆಮೇಲೆ ಸಂಜೆಯಾದರೆ ಅವನ ಕಾರು ಕಡಲ ಕಡೆಗೆ ಇಳಿಯತೊಡಗಿತು. ಎಲ್ಲಿಗೆಂದು ಭಾನುವಾರ ಅರಬಾ ಹೇಳಿದಳು: ತಾಯಿಯ ಮನೆಯಲ್ಲಿ ಅಗುಳಿ ಹಾಕಿಕೊಂಡು ಫುಫು ತಿನ್ನುತ್ತಾನೆ. ಮುದುಕಿಯ ಭುಜ ಬಿದ್ದುಹೋಗಿದೆ, ಕುಟ್ಟಿಕೊಡುವವಳು ಅರಬಾನೇ.

"ನಾನು ಕುಟ್ಟಿದ್ದು ಅವನ ಹೊಟ್ಟೆಗಾಯ್ತದೆ. ನಾನು ಮಾತ್ರ ಗುಡ್ಡಕ್ಕೆ ಆಗಾಕಿಲ್ವಾ?"

ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಮುಡಿಯುವ ಜಾತಿ ಅವನದು ಎಂದೆ. ಅವಳು ನಗಲಿಲ್ಲ.

ಮುಂದಿನ ಶನಿವಾರ ಬಿಳಿ ಡಾಕ್ಟರೂ ಅವನ ಹೆಂಡತಿಯೂ ಊಟಕ್ಕೆ ಬಂದಿದ್ದರು. ಕೋಸು ಬಡಿಸುತ್ತಿದ್ದೆ. ಹಿತ್ತಲಿನಿಂದ ಧಡ್, ಧಡ್ ಎಂದು ಕೇಳಿತು. ಡಾಕ್ಟರಮ್ಮನ ಮುಳ್ಳುಚಮಚ ಬಾಯಿಯ ಹತ್ತಿರವೇ ನಿಂತಿತು. ನಾನು ಪಾತ್ರೆಯನ್ನು ಮೇಜಿನ ಮೇಲಿಟ್ಟು ಹಿತ್ತಲಿಗೆ ಹೋದೆ. ನನ್ನ ಕೋಣೆಯ ಮುಂದೆ ಅರಬಾ, ಕೇರಿಯಿಂದ ಹೊತ್ತು ತಂದ ಒರಳಲ್ಲಿ ಫುಫು ಕುಟ್ಟುತ್ತಿದ್ದಳು. ನಾನು ಕುಕ್ಕರಗಾಲಲ್ಲಿ ಕೂತು, ಏಟಿಗೂ ಏಟಿಗೂ ನಡುವೆ ಒರಳಿಗೆ ಕೈಹಾಕಿ ಮುದ್ದೆ ತಿರುವತೊಡಗಿದೆ.

ಬೆಂಟಿಲ್ ಊಟಕ್ಕೆಂದು ಕೊರಳಿಗೆ ಸಿಕ್ಕಿಸಿದ್ದ ಬಟ್ಟೆಯ ಸಮೇತ ಹಿಂಬಾಗಿಲಿಗೆ ಬಂದ. ನಿಲ್ಲಿಸದಿದ್ದರೆ ಈಗಲೇ ಕೆಲಸ ಹೋಯಿತು ಎಂದ. ಕೆಲಸ ಹೋದರೆ ಕೋಣೆಯೂ ಹೋಗುತ್ತದೆ. ಆದರೂ ನಾನು ಒರಳಿನಿಂದ ಕೈ ತೆಗೆಯಲಿಲ್ಲ. ಇವಳನ್ನು ಎಳೆದು ಹಾಕು ಎಂದು ಕಾವಲುಗಾರ ಸೈದುವಿಗೆ ಹೇಳಿದ. ಸೈದು ಕೋಲನ್ನು ಗೋಡೆಗೆ ಒರಗಿಸಿ, ಕೈ ತೊಳೆದು ನಮ್ಮ ಪಕ್ಕ ಬಂದು ಕೂತ.

"ಎಕೋ," ಎಂದಳು ಅರಬಾ, ಒನಕೆ ನಿಲ್ಲಿಸದೆ. "ಹಸಿದಿದ್ರೆ ಕೈ ತೊಳ್ಕೊಂಡು ಬಾ. ಇಲ್ಲಾಂದ್ರೆ ಬಾಗ್ಲು ಹಾಕ್ಕೊ. ನಿಮ್ಮವ್ವನ ಮನೇಲಿ ಇನ್ಮೇಲೆ ನಾನು ಕುಟ್ಟಾಕಿಲ್ಲ."

ಅವನು ಒರಳನ್ನೇ ನೋಡಿ ಉಗುಳು ನುಂಗಿದ. ಆಮೇಲೆ ಬಾಗಿಲು ಹಾಕಿಕೊಂಡ. ಒಳಗೆ ಅವನು ಡಾಕ್ಟರಿಗೆ ಇಂಗ್ಲಿಷಿನಲ್ಲಿ ಏನೋ ಹೇಳುವುದು ಕೇಳಿಸಿತು.

"ಏನಂತಾನೆ?" ಎಂದಳು ಅರಬಾ.

"ಈ ಜನ ಹಿಂಗೇ ಅಂತೆ. ಸ್ವರಾಜ್ಯ ಕೊಡೋವಷ್ಟು ನಾವಿನ್ನೂ ಬೆಳೆದಿಲ್ವಂತೆ."

ಅರಬಾ ಒನಕೆಯನ್ನು ಇನ್ನಷ್ಟು ಮೇಲಕ್ಕೆತ್ತಿದಳು.