ಕರಿ ಕೀಲೆಣ್ಣೆ

೧೯೩೮ರ ಬೇಸಿಗೆ. ಹೊಸ ಸೊಸೆ ಕನಕಮ್ಮನ ಸೀರೆಗೆ ಮಸಿ ತಾಗಬಾರದೆಂದು ಮಾವ ದ್ಯಾವಪ್ಪ ಚಕ್ಕಡಿಯ ಅಚ್ಚಿನಲ್ಲಿದ್ದ ಕರಿ ಕೀಲೆಣ್ಣೆಯನ್ನೆಲ್ಲ ಒರೆಸಿ, ಬರಿಯ ಔಡಲೆಣ್ಣೆ ಹಚ್ಚಿದ್ದ. ಅವಳನ್ನು ಕೂರಿಸಿಕೊಂಡು ಬೇವೂರಿಗೆ ಹೊರಟ ಚಕ್ಕಡಿ ತಳಕಲ್ ಊರು ದಾಟುವಷ್ಟರಲ್ಲಿ ಗಾಲಿ ಕಿರ್ರೆಂದು ಅರಚತೊಡಗಿತು. ಅಚ್ಚು ಕಾದು ಕೆಂಡವಾಗಿತ್ತು.

ತವರಿನಲ್ಲಿ ವರ್ಷಗಟ್ಟಲೆ ಕೀಲೆಣ್ಣೆ ಕಲಸಿದ ಕನಕಮ್ಮ ಸುಮ್ಮನೆ ಕೂಡಲಿಲ್ಲ.

"ಮಾವಾರ, ಗಾಲಿ ಬಿಚ್ರಿ. ಬರೇ ಎಣ್ಣಿ ಬಿಸಿಗೆ ನೀರಾಗಿ ಸೋರತೈತಿ. ಹುಲ್ಲು ಸುಟ್ಟ ಮಸಿ ಕಲಸಿದ್ರ ಅಚ್ಚಿಗೆ ಅಂಟಿ ನಿಲ್ಲತೈತಿ, ಕಬ್ಬಿಣಕ್ಕ ಕಬ್ಬಿಣ ತಿಕ್ಕೂದಿಲ್ಲ."

ಚಕ್ಕಡಿಯೊಳಗಿನ ಹುಲ್ಲನ್ನೇ ಸುಟ್ಟು, ಮಸಿಯನ್ನು ಚಕ್ಕಡಿಗೆ ಕಟ್ಟಿದ್ದ ಕೊಳವೆಯ ಎಣ್ಣೆಯಲ್ಲಿ ಕಲಸಿ, ಅರಿಸಿನದ ಕೈಯಿಂದಲೇ ಅಚ್ಚಿಗೆ ಬಳಿದಳು.

ಬೇವೂರಿನ ಹೊಸ್ತಿಲಲ್ಲಿ ಅತ್ತೆ ಮುದುಕಮ್ಮ ಸೊಸೆಯ ಕರಿ ಕೈ ನೋಡಿ ಮುಖ ಗಂಟಿಕ್ಕಿದಳು.

"ಗಾಲಿ ಸಪ್ಪಳ ಕೇಳ್ತೇನು?" ಎಂದ ದ್ಯಾವಪ್ಪ.

"ಇಲ್ರಿ."

"ಅದನ್ನ ನಿಲ್ಲಿಸಿದ್ದು ಆ ಕರಿ ಕೈನ. ಆರತಿ ತಗೊಂಡ್ ಬಾ."